ಸಾಕಮ್ಮನ ಕದ

ನಮ್ಮೂರಿಗೆ ಒಮ್ಮೆ ಒಬ್ಬ ಬೀಗದ ವ್ಯಾಪಾರಿ ಬಂದಿದ್ದ. ಸೈಕಲ್ಲಿನ ಹಿಂದೆ ಮೂಟೆ ಕಟ್ಟಿಕೊಂಡು ಬಂದವನು ಸಂತೆಯಲ್ಲಿ ಕೂತು ಬೆಳಗಿನಿಂದ ಕೂಗಿ ಕೂಗಿ ಗಂಟಲು ಹರಿದುಕೊಂಡ. ಜನ ಬೀಗಗಳನ್ನು ಕೈಯಲ್ಲಿ ತೂಗಿ ನೋಡಿ, ‘ಚೆನ್ನಾಗಿದೆ, ಆದರೆ ಇದು ಯಾತಕ್ಕೆ?’ ಎಂದು ಕೇಳಿದರು. ಸಂಜೆಗೆ ಅವನು ಇದ್ದಬದ್ದದ್ದನ್ನೆಲ್ಲ ತೂಕದ ಕಲ್ಲಾಗಲಿ ಎಂದು ಈರುಳ್ಳಿಯವನಿಗೆ ಕೊಟ್ಟು ಹೋದನಂತೆ. ನಮ್ಮೂರಲ್ಲಿ ಬಾಗಿಲು ಕೂರಿಸುವಾಗ ಕೀಲಿನ ಕೊನೆಯ ತಿರುಪನ್ನು ಯಾರ ಕೈ ತಿರುಗಿಸುತ್ತದೋ, ಬಾಗಿಲು ಆ ಕೈಗಷ್ಟೇ ತೆರೆಯುತ್ತದೆ. ಮುಚ್ಚುವುದಕ್ಕೆ ಯಾರಾದರೂ ಆದೀತು, ಗಾಳಿಯಾದರೂ ಆದೀತು. ತೆರೆಯುವುದಕ್ಕೆ ಮಾತ್ರ ಆ ಕೈಯೇ ಬೇಕು. ಹೀಗಿರುವಾಗ ಬೀಗ ಕಟ್ಟಿಕೊಂಡು ಏನು ಮಾಡುವುದು?

ಇದರಿಂದ ಊರಿಗೆ ಅನುಕೂಲವೂ ಉಂಟು, ಪೀಕಲಾಟವೂ ಉಂಟು. ಕಳ್ಳರ ಕಾಟವಿಲ್ಲ, ನಿಜ. ಆದರೆ ಪೊಲೀಸ್ ಸ್ಟೇಷನ್ನಿನ ಲಾಕಪ್ ಬಾಗಿಲು ಕೂರಿಸಿದವರು ಎಂದೋ ರಿಟೈರಾದ ಒಬ್ಬ ದಫೇದಾರರು. ಯಾರಾದರೂ ಕುಡಿದು ಗಲಾಟೆ ಮಾಡಿದರೆ ಮೊದಲು ಅವರ ಮನೆಗೆ ಹೇಳಿಕಳಿಸಬೇಕು. ಅವರು ಊಟ ಮುಗಿಸಿ, ಟೋಪಿ ಹುಡುಕಿ ಬರುವಷ್ಟರಲ್ಲಿ ಕುಡಿದವನ ಅಮಲು ಇಳಿದು ಅವನೇ ದಫೇದಾರರ ಕೈಹಿಡಿದು ಮೆಟ್ಟಿಲು ಹತ್ತಿಸುತ್ತಾನೆ. ಇನ್ನು ಹೆಣ್ಣು ಕೊಡುವವರು ಹುಡುಗ ಏನು ಓದಿದ್ದಾನೆ ಎಂದು ಕೇಳುವುದಿಲ್ಲ, ಎಷ್ಟು ಬಾಗಿಲು ಕೂರಿಸಿದ್ದಾನೆ ಎಂದು ಕೇಳುತ್ತಾರೆ. ನನ್ನ ಮದುವೆಯ ಹೊತ್ತಿಗೆ ನನ್ನ ಗಂಡ ಪಾಂಡುರಂಗ ರಾಯರು ಒಂದೂ ಕೂರಿಸಿರಲಿಲ್ಲ. ಟೈಲರ್ ಅಂಗಡಿ, ಬಾಡಿಗೆ ಮನೆ. ನಮ್ಮಪ್ಪ ‘ಕೈಲಿ ಕಸುಬಿದೆ, ಬಾಗಿಲು ನಾಳೆ ಬರುತ್ತೆ’ ಎಂದು ಧಾರೆ ಎರೆದುಬಿಟ್ಟರು. ಆ ನಾಳೆ ಬರುವ ಹೊತ್ತಿಗೆ ನನ್ನ ತಲೆಯಲ್ಲಿ ಬಿಳಿ ಕೂದಲು ಇಣುಕಿತ್ತು.

ಅಲ್ಲಿಯವರೆಗೆ ನಾವು ನೀಲಾಂಬಿಕಮ್ಮನವರ ವಠಾರದಲ್ಲಿದ್ದೆವು. ಬಾಗಿಲುಗಳೆಲ್ಲ ಅವರವೇ. ಮನೆಗೆ ಬಂದರೆ ಅವರ ಕಿಟಕಿಯ ಕೆಳಗೆ ನಿಂತು “ಅಮ್ಮಾ, ಬಾಗಿಲು ತೆಗೀರಿ” ಎಂದು ಕೂಗಬೇಕು. ಒಳಗಿನಿಂದ “ಬಂದೆ ಕಣೇ, ಒಂದು ಎಲೆ ಹಾಕ್ಕೊಂಡು ಬಂದೆ” ಎಂಬ ಉತ್ತರ ಬರುತ್ತಿತ್ತು. ಆ ಒಂದು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಕತ್ತರಿಸಿ, ಮಡಚಿ, ದವಡೆಗೆ ಸೇರಿಸಿ, ಮೊದಲ ರಸ ನುಂಗಿ, ಆಮೇಲೆ ಅವರು ಎದ್ದು ಬರುವರು. ಮಳೆಯಿರಲಿ, ಬಿಸಿಲಿರಲಿ, ಕೈಯಲ್ಲಿ ಕಾಯಿಪಲ್ಯದ ಚೀಲವಿರಲಿ, ಎಲೆ ಎಲೆಯೇ. ಒಳಗೆ ಹೋಗುವುದು ಹೀಗಾದರೆ ಹೊರಗೆ ಬರುವುದು ಇನ್ನೂ ಕಷ್ಟ. ಬಚ್ಚಲಿನಿಂದ ಕೂಗುವ ಕಷ್ಟವನ್ನಂತೂ ನಾನು ಇಲ್ಲಿ ವಿವರಿಸುವುದಿಲ್ಲ. ನನಗಿದ್ದದ್ದು ಒಂದೇ ಆಸೆ. ನನ್ನದೇ ಮನೆಯ ಮುಂಬಾಗಿಲು ನನ್ನ ಕೈಗೆ ತೆರೆಯಬೇಕು. ಅದರ ಆಚೆ ನೀಲಾಂಬಿಕಮ್ಮ ನಿಂತು “ಗಿರಿಜಾ, ಬಾಗ್ಲು ತೆಗಿಯೇ” ಅನ್ನಬೇಕು. ನಾನು ಒಳಗಿನಿಂದ “ಒಂದು ಎಲೆ ಹಾಕ್ಕೊಂಡು ಬಂದೆ” ಅನ್ನಬೇಕು. ನನಗೆ ಎಲೆ ಅಡಿಕೆಯ ಅಭ್ಯಾಸವಿಲ್ಲ. ಅದಕ್ಕಾಗಿಯೇ ಕಲಿಯಲು ತಯಾರಿದ್ದೆ.

ಅಂತೂ ಕೆರೆಯ ಕಡೆಯ ಬೀದಿಯಲ್ಲಿ ಸೋಡಾ ಬೋರಪ್ಪನವರ ಹಳೆಯ ಮನೆ ನಮ್ಮ ಕೈಗೆ ಬಂತು. ಬೋರಪ್ಪ ಒಂದು ಕಾಲಕ್ಕೆ ಊರಿಗೆಲ್ಲ ಗೋಲಿ ಸೋಡಾ ಕುಡಿಸಿದವರು. ಹೆಂಡತಿ ಸಾಕಮ್ಮ ತೀರಿಕೊಂಡ ಮೇಲೆ ಹಿಂದಿನ ಬೀದಿಯಲ್ಲಿ ತಂಗಿಯ ಜೊತೆ ಇದ್ದರು. ಮನೆ ಗಟ್ಟಿಯಾಗಿತ್ತು, ಆದರೆ ಹೆಂಚು ಜಾರಿತ್ತು, ನೆಲ ಒಡೆದಿತ್ತು, ಗೋಡೆ ಅಲ್ಲಲ್ಲಿ ಉದುರಿತ್ತು. ಬೇರೆಯವರಾಗಿದ್ದರೆ ಗಾರೆಯವರನ್ನು ಕರೆಯುತ್ತಿದ್ದರು. ನನ್ನ ಗಂಡ ಮನೆಯನ್ನು ಒಂದು ಸುತ್ತು ಹಾಕಿ, ಕೊರಳಲ್ಲಿದ್ದ ಟೇಪನ್ನು ಎಳೆದುಕೊಂಡು, “ಹೇಗಿದ್ದರೂ ಬಾಗಿಲು ನಾವೇ ಕೂರಿಸಬೇಕು. ಮಿಕ್ಕಿದ್ದು ಯಾವ ದೊಡ್ಡ ವಿಷಯ ಗಿರಿಜಾ? ಶರ್ಟೂ ಅಳತೆ, ಮನೆಯೂ ಅಳತೆ” ಎಂದರು. ನಮ್ಮ ಅಂಗಡಿಯಲ್ಲಿ ಅವರು ಕತ್ತರಿಸುತ್ತಾರೆ, ನಾನು ಕಾಜಾ, ಗುಂಡಿ, ಅಂಚು ಹೊಲಿಯುತ್ತೇನೆ. ಎಂದರೆ ಅವರು ಕತ್ತರಿಸಿ ಕೆಡಿಸಿದ್ದನ್ನು ಯಾರಿಗೂ ಗೊತ್ತಾಗದ ಹಾಗೆ ಮುಚ್ಚುವ ಕೆಲಸ ನನ್ನದು. ಮನೆಯಲ್ಲೂ ಅದೇ ವ್ಯವಸ್ಥೆ ಮುಂದುವರಿಯಿತು.

ಅವರು ಗೋಡೆಗಳ ಮೇಲೆಲ್ಲ ಟೈಲರ್ ಚಾಕಿನಿಂದ ಗೀಟು ಎಳೆದರು. ನಡುಮನೆಯ ಗೋಡೆ ಹೊಟ್ಟೆ ಬಿಟ್ಟಿತ್ತು. “ರವಿಕೆಗೆ ಹಿಡಿದ ಹಾಗೆ ಎರಡು ಟಕ್ಸ್ ಹಿಡಿದರೆ ಕೂತುಕೊಳ್ಳುತ್ತೆ” ಎಂದು ಎರಡು ಕಡೆ ಕೊರೆದು ಗಾರೆ ತುಂಬಿದರು. ಗೋಡೆಯ ಹೊಟ್ಟೆ ಹಾಗೇ ಉಳಿದು ಈಗ ಅದಕ್ಕೆ ಎರಡು ಹೊಲಿಗೆಯ ಗಾಯವೂ ಆಯಿತು. ಹೆಂಚು ಹೊದಿಸುವಾಗ ನಾನು ಕೆಳಗಿನಿಂದ ಒಂದೊಂದೇ ಎತ್ತಿ ಕೊಡುತ್ತಿದ್ದೆ. ಅವರು ಮೇಲಿನಿಂದ “ಇದು ಬಲಗೈ ಹೆಂಚು, ಎಡಗೈದು ಕೊಡು” ಎನ್ನುತ್ತಿದ್ದರು. ಹೆಂಚಿಗೆ ಎಡ ಬಲ ಯಾವುದು ಎಂದು ಕೇಳಿದರೆ ತೋಳು ಕೂರಿಸಿದ ಅನುಭವ ಇಲ್ಲದವರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದರು. ಸುಣ್ಣ ಬಳಿದದ್ದು ನಾನು. ಅದೊಂದೇ ನೆಟ್ಟಗಾಯಿತು.

ಈ ರಿಪೇರಿಗೆಲ್ಲ ನಿತ್ಯದ ಸಾಕ್ಷಿ ಬೋರಪ್ಪನವರು. ಒಳಗಿನ ಬಾಗಿಲುಗಳೆಲ್ಲ ಅವರು ಕೂರಿಸಿದವೇ, ತೆಗೆಯಲು ಅವರೇ ಬೇಕು. ಹಾಗಾಗಿ ದಿನಾ ಬೆಳಿಗ್ಗೆ ಹಿತ್ತಲಿನ ಕಡೆಯಿಂದ ಬರುವರು. ಒಂದೊಂದೇ ಬಾಗಿಲಿಗೆ ಅಂಗೈ ಒತ್ತಿ ತೆಗೆದು, ರುಬ್ಬುವ ಕಲ್ಲಿನ ಮೇಲೆ ಕೂತು ಕಾಫಿ ಕುಡಿದು, “ಟೇಲರಪ್ಪ, ಆ ಗ್ವಾಡೆಗೆ ಕಾಲರ್ ಇಕ್ಕದು ಮರ್ತಿದ್ದೀರಿ” ಎಂದು ನಗುವರು. ಮುಂಬಾಗಿಲಿನ ಮಾತೆತ್ತಿದರೆ ಮಾತ್ರ ಲೋಟ ಕೆಳಗಿಟ್ಟು, “ಅದನ್ನ ಆಮ್ಯಾಕೆ ನೋಡುವ, ಬುಡವ್ವ” ಎನ್ನುವರು. ಅದು ಎರಡು ಕದದ ದೊಡ್ಡ ಬಾಗಿಲು. ಸಾಕಮ್ಮ ಹೋದಂದಿನಿಂದ ಮುಚ್ಚಿತ್ತು. ಸತ್ತವರು ಕೂರಿಸಿದ ಬಾಗಿಲು ಮತ್ತೆ ಯಾರಿಗೂ ತೆರೆಯುವುದಿಲ್ಲ, ಒಳಗಿನಿಂದ ತಿರುಪು ಬಿಚ್ಚಿ ಇಳಿಸಿ ಇದ್ದವರು ಹೊಸದಾಗಿ ಕೂರಿಸಬೇಕು. ಊರಲ್ಲಿ ಎಲ್ಲರೂ ಹದಿಮೂರನೆಯ ದಿನ ಕಳೆದ ಮೇಲೆ ಮಾಡುವ ಕೆಲಸವೇ ಅದು. ಬಾಗಿಲು ಸಾಕಮ್ಮನದಿರಬೇಕು, ಮುದುಕರಿಗೆ ಬಿಚ್ಚಲು ಸೋಮಾರಿತನ, ನಾವೇ ಬಿಚ್ಚಿದರಾಯಿತು ಎಂದುಕೊಂಡಿದ್ದೆ. ಬಿಚ್ಚೋಣವೇ ಎಂದಾಗಲೆಲ್ಲ ಇವತ್ತು ಅಮಾವಾಸ್ಯೆ, ನಾಳೆ ಮಂಗಳವಾರ, ನಾಳಿದ್ದು ಗಾಳಿ ಸರಿಯಿಲ್ಲ. ಅಷ್ಟು ದಿನವೂ ನಾನು ನನ್ನದೇ ಮನೆಗೆ ಹಿತ್ತಲಿನ ಚರಂಡಿ ದಾಟಿ ಬಂದೆ.

ಸರಿ, ಒಳಗಿನದನ್ನಾದರೂ ಮುಗಿಸೋಣ ಎಂದು ಬೋರಪ್ಪನವರ ಬಾಗಿಲುಗಳನ್ನು ಇಳಿಸತೊಡಗಿದೆವು. ಮೊದಲು ಅಡುಗೆಮನೆಯದು. ಹಳೆಯ ಬಾಗಿಲನ್ನೇ ಉಜ್ಜಿ, ಎಣ್ಣೆ ಹಚ್ಚಿ, ನಾನು ಮುಸುರೆ ತಿಕ್ಕುತ್ತಿದ್ದಾಗ ನನ್ನ ಗಂಡ ಕೊನೆಯ ತಿರುಪನ್ನೂ ತಾವೇ ಹಾಕಿಬಿಟ್ಟರು. ಜೀವನದಲ್ಲಿ ಮೊದಲನೆಯ ಬಾಗಿಲು ನೋಡಿ, ಕೈ ತಡೆಯಲಿಲ್ಲವಂತೆ. ಮಧ್ಯಾಹ್ನ ಅವರು ಅಂಗಡಿಗೆ ಹೋದಾಗ ಗಾಳಿ ಬಂತು, ಬಾಗಿಲು ಮುಚ್ಚಿತು, ಒಳಗೆ ನಾನು. ಸಂಜೆ ಅವರು ಬಂದು ತೆಗೆದಾಗ ನಾನು ಒಂದು ಡಬ್ಬಿ ಕೋಡುಬಳೆಯನ್ನೂ ಅರ್ಧ ಡಬ್ಬಿ ಬೆಲ್ಲವನ್ನೂ ಮುಗಿಸಿ, ಹೇಳಬೇಕಾದ ಮಾತುಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ. ಎಲ್ಲವನ್ನೂ ಹೇಳಿದೆ. ಮಾರನೆಯ ದಿನ ಬಚ್ಚಲಿನ ಬಾಗಿಲು ನಾನು ಕೂರಿಸಿದೆ. ಅವರು ಸ್ನಾನಕ್ಕೆ ಹೋದಾಗ ನನಗೆ ಮಾರ್ಕೆಟ್ಟಿಗೆ ಹೋಗುವುದು ನೆನಪಾಯಿತು. ಬೇಕೆಂದೇ ಹೋದೆನೋ ಎಂದು ಅವರು ಇವತ್ತಿಗೂ ಕೇಳುತ್ತಾರೆ. ಬದನೆಕಾಯಿ ನಿಜವಾಗಿಯೂ ಇರಲಿಲ್ಲ. ಅವತ್ತು ಒಬ್ಬ ಮದುಮಗಳು ರವಿಕೆಗಾಗಿ ನಮ್ಮ ಅಂಗಡಿಯ ಮುಂದೆ ಕಾದು ಕಾದು, ಕೊನೆಗೆ ಅಕ್ಕನ ರವಿಕೆ ಹಾಕಿಕೊಂಡು ಹಸೆಗೆ ಕೂತಳು.

ಆಮೇಲೆ ನಾವಿಬ್ಬರೂ ನಡುಮನೆಯಲ್ಲಿ ಎದುರುಬದುರು ಕೂತೆವು. ಯಾವ ಬಾಗಿಲು ಯಾರಿಗೆ ಎಂಬ ಮಾತು ಹತ್ತು ಸಲ ಕೂಡಿ ಹತ್ತು ಸಲ ಮುರಿಯಿತು. ಕೊನೆಗೆ ಅವರು ಬೇಸತ್ತು, “ಯಾವ ಬಾಗ್ಲೂ ಬೇಡ ಹೋಗೇ, ಪರದೆ ಹೊಲಿದು ಹಾಕ್ತೀನಿ” ಎಂದರು. ಕೋಪದಲ್ಲಿ ಅಂದದ್ದು. ಅಂದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಪರದೆಗೆ ಕೀಲಿಲ್ಲ, ತಿರುಪಿಲ್ಲ, ಅದು ಬೆಕ್ಕಿಗೂ ಸರಿಯುತ್ತದೆ. ಅಂಗಡಿಯಲ್ಲಿ ಉಳಿದಿದ್ದ ಬಟ್ಟೆಯನ್ನೆಲ್ಲ ತಂದು ಅವರು ಕತ್ತರಿಸಿದರು, ನಾನು ಅಂಚು ಹೊಲಿದೆ. ಬಚ್ಚಲಿಗೂ ಹಿತ್ತಲ ಬಾಗಿಲಿಗೂ ದಪ್ಪ ಪ್ಯಾಂಟಿನ ಬಟ್ಟೆ, ಅಡುಗೆಮನೆಗೆ ಚೌಕಳಿ, ಮಲಗುವ ಕೋಣೆಗೆ ಯಾರೋ ಹೊಲಿಯಲು ಕೊಟ್ಟು ಮರೆತ ಹೂವಿನ ಬಟ್ಟೆ. ಬೋರಪ್ಪನವರಿಗೆ ಮನೆಯೊಳಗೆ ಇನ್ನು ತೆರೆಯಲು ಒಂದು ಬಾಗಿಲೂ ಉಳಿದಿರಲಿಲ್ಲ. ಆದರೂ ಮಾರನೆಯ ಬೆಳಿಗ್ಗೆ ಅದೇ ಹೊತ್ತಿಗೆ ಹಿತ್ತಲಿನಲ್ಲಿ ಕೆಮ್ಮಿದರು. “ಪರದೆ ಸರ್ಯಾಗಿ ಸರೀತದಾ ಅಂತ ನೋಡಕೆ ಬಂದೆ ಕನವ್ವ” ಎಂದು ಒಂದೊಂದನ್ನೂ ಎಳೆದು ನೋಡಿ, ರುಬ್ಬುವ ಕಲ್ಲಿನ ಮೇಲೆ ಕೂತು ಕಾಫಿ ಕುಡಿದು ಹೋದರು.

ಪರದೆಯ ಸುದ್ದಿ ಊರಿಡೀ ಹಬ್ಬಿತು. ನೀಲಾಂಬಿಕಮ್ಮ ಕೇಳಿ, “ಅಯ್ಯೋ ಪಾಪ, ಬಾಗ್ಲೇ ಇಲ್ಲದ ಮನೆಯಂತಲ್ಲ. ನಮ್ಮ ವಠಾರದಲ್ಲಿ ಬಾಗ್ಲಾದರೂ ಇತ್ತು” ಎಂದರಂತೆ. ಈ ಮಾತನ್ನು ಮೂರು ಜನ ಬೇರೆ ಬೇರೆಯಾಗಿ ಬಂದು ನನಗೆ ತಲುಪಿಸಿದರು. ನನ್ನ ಮೈಯೆಲ್ಲ ಉರಿಯಿತು. ಗೃಹಪ್ರವೇಶದ ದಿನ ಗೊತ್ತು ಮಾಡಿ, ಮೊದಲ ಕುಂಕುಮ ಅವರಿಗೇ ಕೊಟ್ಟು ಕರೆದು ಬಂದೆ. ಗಂಡನಿಗೆ, “ಹಳೇ ಬಾಗ್ಲು ಹಾಳಾಗಿ ಹೋಗಲಿ. ಅವತ್ತಿಗೆ ಹೊಸ ಮುಂಬಾಗ್ಲು ಆಗಬೇಕು. ಇಲ್ಲದಿದ್ದರೆ ನಾನು ನಮ್ಮಪ್ಪನ ಮನೆಗೆ ಹೋಗ್ತೀನಿ” ಎಂದೆ. ನಮ್ಮಪ್ಪನ ಮನೆಯ ಬಾಗಿಲೂ ನನಗೆ ತೆರೆಯುವುದಿಲ್ಲ, ಆದರೂ ಹೆದರಿಸಲು ಇನ್ನೇನಿದೆ?

ಅವರು ಹಲಗೆ ತಂದರು. ಅಳತೆ ತೆಗೆದದ್ದು ಸರಿಯಾಗಿಯೇ ಇತ್ತು. ಆದರೆ ಜನ್ಮದ ಅಭ್ಯಾಸ, ಕತ್ತರಿಸುವಾಗ ನಾಲ್ಕೂ ಕಡೆ ಎರಡೆರಡು ಇಂಚು ಹೊಲಿಗೆಗೆ ಬಿಟ್ಟುಬಿಟ್ಟರು. ಗೃಹಪ್ರವೇಶದ ಹಿಂದಿನ ದಿನ, ಮುಚ್ಚಿದ್ದ ಹಳೆಯ ಕದಗಳ ಆಚೆ ಬೀದಿಯ ಕಡೆಯಿಂದ ಟ್ರಯಲ್ ನೋಡಿದರೆ ಕದ ಚೌಕಟ್ಟಿನೊಳಗೆ ಇಳಿಯಲೇ ಇಲ್ಲ.

“ಯಾಕ್ರೀ ಇಷ್ಟು ದೊಡ್ಡದು?” ಎಂದೆ.

“ಒಳಗೆ ಬಿಟ್ಟಿದ್ದೀನಿ ಕಣೇ. ಮುಂದೆ ಬೇಕಾದರೆ ಬಿಚ್ಚಿ ದೊಡ್ಡದು ಮಾಡ್ಕೋಬಹುದು.”

“ಬಾಗ್ಲೇನು ದಪ್ಪ ಆಗುತ್ತಾ?”

ಅವರು ಕೀಸುಳಿ ತಂದು ಕೀಸತೊಡಗಿದರು. ಈ ಕಡೆ ಕೀಸಿದರೆ ಆ ಕಡೆ ಸೊಟ್ಟ, ಆ ಕಡೆ ಕೀಸಿದರೆ ಈ ಕಡೆ ಸೊಟ್ಟ. ಕೊನೆಗೆ ಕದ ಚೌಕಟ್ಟಿಗೆ ಇಳಿಯಿತು, ಸುತ್ತಲೂ ಕೋಳಿ ಹಾಯುವಷ್ಟು ಸಂದು ಬಿಟ್ಟುಕೊಂಡು. ನನ್ನ ಗಂಡ ದೂರ ನಿಂತು, ಒಂದು ಕಣ್ಣು ಮುಚ್ಚಿ ನೋಡಿ, “ಪಟ್ಟಿ ಕೊಟ್ಟು ಹೊಲಿಬಹುದು” ಎಂದರು. ಆ ಹಲಗೆ ಈಗ ನಮ್ಮ ಅಂಗಡಿಯಲ್ಲಿ ಇಸ್ತ್ರಿ ಮೇಜಾಗಿದೆ. ಒಳ್ಳೆಯ ಮೇಜು.

ಗೃಹಪ್ರವೇಶದ ಬೆಳಿಗ್ಗೆ ನಾನು ತಲೆಗೆ ನೀರು ಹಾಕಿಕೊಂಡು, ರೇಷ್ಮೆ ಸೀರೆ ಎತ್ತಿ ಕಟ್ಟಿ, ತಿರುಪುಳಿ ಹಿಡಿದು ಹಳೆಯ ಮುಂಬಾಗಿಲಿನ ಮುಂದೆ ಕೂತೆ. ಅಮಾವಾಸ್ಯೆಯೋ ಮಂಗಳವಾರವೋ ಯಾರಿಗೆ ಬೇಕು? ಹಳೆಯ ಕದಗಳನ್ನೇ ಬಿಚ್ಚಿ ನಾನೇ ಮತ್ತೆ ಕೂರಿಸುವುದು ಎಂದು ಬಲಗಡೆಯ ಕದದ ಮೇಲಿನ ತಿರುಪಿಗೆ ತಿರುಪುಳಿ ಇಟ್ಟೆ. ಹಿಂದಿನಿಂದ ಬೋರಪ್ಪನವರ ದನಿ ಕೇಳಿತು.

“ಅದನ್ನ ಮುಟ್ಬ್ಯಾಡ ಕನವ್ವ.”

ನಾನು ತಿರುಗಿ ನೋಡಲಿಲ್ಲ. “ಇವತ್ತೇನು, ಗ್ರಹಣವಾ?” ಎಂದೆ.

ಅವರು ಬಂದು ನನ್ನ ಪಕ್ಕದಲ್ಲಿ ನೆಲಕ್ಕೆ ಕೂತರು. “ಎಡಗಡೇದು ನಂದು, ಬಲಗಡೇದು ನಮ್ಮ ಸಾಕೀದು” ಎಂದರು. “ಮದ್ವೆ ಆದ ಹೊಸದ್ರಲ್ಲಿ ಇಬ್ರಿಗೂ ಜಗಳ. ಬಾಗ್ಲು ನಾನು ಕೂರಿಸ್ತೀನಿ ಅಂತ ನಾನು, ನಾನು ಕೂರಿಸ್ತೀನಿ ಅಂತ ಅವಳು. ಕೊನೀಗೆ ಒಬ್ಬೊಬ್ರು ಒಂದೊಂದು ಕದ ಕೂರಿಸಿದೊ. ಸೋಡಾ ಗಾಡಿ ತಳ್ಕೊಂಡು ಬಂದು ನನ್ನ ಕದ ನಾನು ತೆಗೆದ್ರೆ ಗಾಡಿ ಹಿಡಿಸ್ತಿರನಿಲ್ಲ. ಅವಳು ಬಂದು ಅವಳ ಕದ ತೆಗೀಬೇಕು. ದಿನಾಲೂ ಬಯ್ಕೊಂಡು ಬಂದು ತೆಗಿಯಳು.”

“ನಿಮ್ಮ ಕದ ನಿಮಗೆ ತೆರೆಯುತ್ತಾ ಹಾಗಾದರೆ?” ಎಂದೆ. ಅಷ್ಟು ದಿನ ಚರಂಡಿ ದಾಟಿದ್ದು ನೆನಪಾಗಿ ನನ್ನ ದನಿ ಏರಿತ್ತು.

“ತೆರೀತದೆ. ಅವಳು ಹೋದ ಮ್ಯಾಲೆ ಒಂದು ದಪ ತೆಗೆದೆ. ಅರ್ಧ ಬಾಗ್ಲು. ಒಳೀಕೆ ಕಾಲಿಡಕೆ ಆಗ್ನಿಲ್ಲ. ಮುಚ್ಚಿ ಹಿತ್ತಲ ಕಡೆಯಿಂದ ಬಂದೆ, ಅದೇ ಅಭ್ಯಾಸ ಆಗೋಯ್ತು.” ಅವರು ಬಲಗಡೆಯ ಕದದ ತಿರುಪುಗಳನ್ನು ಬೆರಳಿನಿಂದ ಸವರಿದರು. “ಸೀರೆ ಕೊಟ್ಬುಟ್ಟೆ, ಪಾತ್ರೆ ಕೊಟ್ಬುಟ್ಟೆ. ಅವಳ ಕೈ ಮುಟ್ಟಿದ್ದು ಮುಟ್ಟಿದ ಹಂಗೇ ಇರದು ಇದೊಂದೇಯ. ಬಿಚ್ಬುಟ್ರೆ ಇನ್ನೆಲ್ಲೂ ಇಲ್ಲ.”

“ಇದನ್ನ ಮೊದಲೇ ಹೇಳೋದಲ್ವಾ?”

“ಹೇಳಿದ್ರೆ ನೀವು ಮನೆ ತಗತಿದ್ರಾ?”

ತೆಗೆದುಕೊಳ್ಳುತ್ತಿರಲಿಲ್ಲ. ನಾನು ತಿರುಪುಳಿಯನ್ನು ಕೆಳಗಿಟ್ಟೆ. ಕೋಪ ಮಾತ್ರ ಹಾಗೇ ಇತ್ತು. ಪುರೋಹಿತರು ಬರುವ ಹೊತ್ತು, ಕಲಶ ಹಿಡಿದು ಚರಂಡಿ ದಾಟಬೇಕು, ನೀಲಾಂಬಿಕಮ್ಮ ನೋಡುತ್ತಾರೆ. ಸರಿ, ನೋಡಲಿ ಎಂದುಕೊಂಡು ಏಳಲು ಹೋದೆ. ಅಷ್ಟರಲ್ಲಿ ಬೋರಪ್ಪ ತಿರುಪುಳಿ ಎತ್ತಿಕೊಂಡು, ಎಡಗಡೆಗೆ ಸರಿದು, ತಮ್ಮ ಕದದ ತಿರುಪನ್ನು ಬಿಚ್ಚತೊಡಗಿದರು.

“ಏನ್ ಮಾಡ್ತಿದ್ದೀರಿ?”

“ನಂದು ನಾನು ಕೊಡ್ಬೌದಲ್ವಾ? ಟೇಲರಪ್ಪ, ಬಂದು ಒಸಿ ಹಿಡ್ಕಳಿ.”

ನನ್ನ ಗಂಡ ಪಂಚೆ ಮೇಲೆ ಕಟ್ಟಿ ಕದವನ್ನು ಬೆನ್ನಿನ ಮೇಲೆ ಆತುಕೊಂಡು ನಿಂತರು. ಬೋರಪ್ಪ ಎಲ್ಲ ತಿರುಪುಗಳನ್ನೂ ಬಿಚ್ಚಿ, ಎಣ್ಣೆ ಹಚ್ಚಿ, ಮತ್ತೆ ಹಾಕುತ್ತಾ ಬಂದು, ಕೊನೆಯದನ್ನು ಅಂಗೈಯಲ್ಲಿಟ್ಟು ನಮ್ಮಿಬ್ಬರ ನಡುವೆ ಚಾಚಿದರು. ನಾನು ಗಂಡನ ಮುಖ ನೋಡಿದೆ. ಅವರಿಗೂ ಆಸೆಯಿತ್ತು, ಕಣ್ಣಲ್ಲಿ ಕಾಣುತ್ತಿತ್ತು. ಕದದ ಭಾರಕ್ಕೆ ಏದುಸಿರು ಬಿಡುತ್ತಾ, “ಅವಳಿಗೇ ಕೊಡಿ. ನೀಲಾಂಬಿಕಮ್ಮನ ಕಿಟಕಿ ಕೆಳಗೆ ಜಾಸ್ತಿ ನಿಂತೋಳು ಅವಳೇ” ಎಂದರು. ನನಗೆ ಅಳು ಬಂತು. ಮದುವೆಯಲ್ಲಿ ತಾಳಿ ಕಟ್ಟಿದಾಗಲೂ ಆ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಹುಟ್ಟಿರಲಿಲ್ಲ. ಕಣ್ಣೀರಲ್ಲಿ ಕಾಣದೆ ತಿರುಪು ಸೊಟ್ಟಗೆ ಕೂತಿತು, ಇವತ್ತಿಗೂ ಸೊಟ್ಟಗೇ ಇದೆ.

ಕಲಶ ಹಿಡಿದು ನಾನು ಮುಂಬಾಗಿಲಿನಿಂದಲೇ ಒಳಗೆ ಬಂದೆ, ಓರೆಯಾಗಿ. ಪುರೋಹಿತರೂ ಓರೆಯಾಗಿ ಬಂದರು, ನೆಂಟರೂ ಓರೆಯಾಗಿ ಬಂದರು. ಬಲಗಡೆಯ ಕದಕ್ಕೆ ನಾನು ಅರಿಸಿನ ಕುಂಕುಮ ಇಟ್ಟಿದ್ದೆ, ಯಾರೂ ಅದನ್ನು ತೆಗೆಯಲು ಹೇಳಲಿಲ್ಲ. ಬೋರಪ್ಪ “ಬಂದೋರಿಗೆ ಸೋಡಾ ತರ್ತೀನಿ” ಎಂದು ಮನೆಗೆ ಹೋದರು. ಆಮೇಲೆ ಬೀದಿಯ ಕೊನೆಯಲ್ಲಿ ನೀಲಾಂಬಿಕಮ್ಮನವರ ಕೊಡೆ ಕಾಣಿಸಿತು. ನಾನು ಮೆಲ್ಲನೆ ಕದ ಮುಚ್ಚಿ, ಎಲೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡೆ.

“ಗಿರಿಜಾ, ಬಾಗ್ಲು ತೆಗಿಯೇ.”

ಆಹಾ! ಎಷ್ಟು ವರ್ಷದ ಮಾತು ಅದು. “ಬಂದೆ ಕಣಮ್ಮಾ, ಒಂದು ಎಲೆ ಹಾಕ್ಕೊಂಡು ಬಂದೆ” ಎಂದೆ. ಎಲೆ ಒರೆಸಿದೆ, ತೊಟ್ಟು ಮುರಿದೆ, ಸುಣ್ಣ ಹಚ್ಚಿದೆ. ನೆಂಟರೆಲ್ಲ ಉಸಿರು ಬಿಗಿ ಹಿಡಿದು ನೋಡುತ್ತಿದ್ದರು. ಹೊರಗೆ ಬಿಸಿಲು ಚೆನ್ನಾಗಿತ್ತು. “ಗಿರಿಜಾ, ಕೇಳಿಸ್ತೇನೇ?” ಎಂದು ಮತ್ತೆ ಕೂಗಿದರು. ನಾನು ಎಲೆ ಮಡಚಿ ಬಾಯಿಗಿಟ್ಟುಕೊಂಡೆ. ಸುಣ್ಣ ಜಾಸ್ತಿಯಾಗಿ ನಾಲಿಗೆ ಸುಟ್ಟಿತು, ಆದರೂ ಅಗಿದೆ.

“ಅವ್ವಾ, ಬಾಗ್ಲು ತೆಗಿ ಕನವ್ವ. ಸೋಡಾ ಬಿಸಿ ಆಗೋಯ್ತದೆ.”

ಇದು ಬೋರಪ್ಪನವರ ದನಿ. ಎಂದೂ ಹಿತ್ತಲಿನಿಂದ ಬರುವವರು ಅವತ್ತು ಮುಂದಿನಿಂದ ಬಂದಿದ್ದರು. ಆಯಸ್ಸಿಡೀ ತಮ್ಮ ಅಂಗೈ ಒತ್ತಿದರೆ ತೆರೆಯುತ್ತಿದ್ದ ಕದದ ಮುಂದೆ ನಿಂತು, ಬಾಗಿಲು ತೆಗಿ ಎಂದು ನನ್ನನ್ನು ಕೇಳುತ್ತಿದ್ದರು. ನಾನು ಬಾಯಿತುಂಬ ಎಲೆ ಇಟ್ಟುಕೊಂಡು ಕೂತಿದ್ದೆ! ಎದ್ದ ರಭಸಕ್ಕೆ ತಟ್ಟೆ ಮಗುಚಿ ಅಡಿಕೆಯೆಲ್ಲ ನೆಲದ ಪಾಲಾಯಿತು. ಓಡಿಹೋಗಿ ಕದ ತೆಗೆದೆ.

ತಮಗಾಗಿಯೇ ಓಡಿಬಂದೆ ಎಂದುಕೊಂಡು ನೀಲಾಂಬಿಕಮ್ಮ ಸಂತೋಷದಿಂದ ಮೊದಲು ನುಗ್ಗಿದರು. ಅರ್ಧ ಬಂದು ನಿಂತುಬಿಟ್ಟರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನನ್ನ ಗಂಡ ಕಣ್ಣಲ್ಲೇ ಅಳತೆ ತೆಗೆದು, “ಎರಡಿಂಚು ಬಿಟ್ಟಿದ್ದರೆ ಸರಿಹೋಗ್ತಿತ್ತು” ಎಂದರು.

“ಆ ಇನ್ನೊಂದು ಕದನೂ ತೆಗಿಯೇ” ಎಂದು ನೀಲಾಂಬಿಕಮ್ಮ ಏದುಸಿರಲ್ಲಿ ಹೇಳಿದರು.

“ಅದು ನನ್ನದಲ್ಲಮ್ಮ. ಸಾಕಮ್ಮನವರದು” ಎಂದೆ.

ಅವರು ಬಾಯಿ ತೆರೆದರು. ಹಿಂದೆ ತಲೆಯ ಮೇಲೆ ಸೋಡಾ ಪೆಟ್ಟಿಗೆ ಹೊತ್ತು ಕಾಯುತ್ತಿದ್ದ ಬೋರಪ್ಪನವರನ್ನು ನೋಡಿ, ಬಾಯಿ ಮುಚ್ಚಿದರು. ಉಸಿರು ಪೂರ್ತಿ ಹೊರಗೆ ಬಿಟ್ಟು, ಹೊಟ್ಟೆ ಒಳಗೆಳೆದುಕೊಂಡು ಒಳಗೆ ತೂರಿದರು. ಅವರ ಮೇಲಿದ್ದ ನನ್ನ ಸಿಟ್ಟಿನಲ್ಲಿ ಅರ್ಧ ಅವತ್ತೇ ಹೋಯಿತು. ಇನ್ನರ್ಧ ಇಟ್ಟುಕೊಂಡಿದ್ದೇನೆ.

ಬೋರಪ್ಪ ಪೆಟ್ಟಿಗೆಯನ್ನು ಜಗಲಿಯ ಮೇಲೆ ಇಳಿಸಿದರು. ಮುಚ್ಚಿದ ಕದಕ್ಕೆ ಅಂಗೈ ಒತ್ತಿ, ನೆರೆಯವರಿಗೆ ಹೇಳುವಂತೆ ಸಣ್ಣ ದನಿಯಲ್ಲಿ, “ಸಾಕಿ, ನೀ ಇಲ್ಲೇ ಇರು. ಒಂದು ಕಾಪಿ ಕುಡ್ಕೊಂಡು ಬಂದ್ಬುಡ್ತೀನಿ” ಎಂದರು. ಆಮೇಲೆ ಅರ್ಧ ಬಾಗಿಲಿನಲ್ಲಿ ನೆಟ್ಟಗೆ ಒಳಗೆ ಬಂದರು. ಸಣಕಲು ಮೈ, ಅವರಿಗೆ ಓರೆಯಾಗುವ ಅಗತ್ಯವೇ ಇರಲಿಲ್ಲ.

ಈಗಲೂ ದಿನಾ ಬರುತ್ತಾರೆ, ಮುಂದಿನಿಂದಲೇ. ನನ್ನ ಗಂಡ ಬಂದು ಕೂಗಿದರೆ ನಾನು ಒಂದು ಎಲೆ ಹಾಕಿಕೊಂಡೇ ಹೋಗುತ್ತೇನೆ, ಅಭ್ಯಾಸ ಹತ್ತಿಬಿಟ್ಟಿದೆ. ಬೋರಪ್ಪ ಕೂಗಬೇಕಾಗಿಲ್ಲ. ಅವರ ಚಪ್ಪಲಿಯ ಸದ್ದು ಕೇಳಿದ ಕೂಡಲೇ ಬಂದು ಕದದ ಒಳಗಡೆ ಕೈಯಿಟ್ಟು ನಿಲ್ಲುತ್ತೇನೆ. ಆಚೆಗೆ ಅವರು ಹೆಂಡತಿಗೆ ಹೇಳಿ ಮುಗಿಸುವವರೆಗೆ ತೆರೆಯುವುದಿಲ್ಲ. ಕೆಲವು ದಿನ ಹೇಳುವುದು ಬಹಳ ಇರುತ್ತದೆ. ಅಷ್ಟು ಹೊತ್ತೂ ಬಾಗಿಲ ಹಿಂದೆ ನಿಂತು ಕಾಯುತ್ತೇನೆ.